ತಾತನ ಗಂಗಾಳಕ್ಕೆ ಕೊರೆದ ತೂತು

ಇಪ್ಪತ್ತೆರಡನೇ ವಯಸ್ಸಿನಲ್ಲಿ ನಾನೊಂದು ಡ್ರಮ್ ಸೆಟ್ ಕೊಂಡೆ. ಅದರಲ್ಲಿ ಇರಲೇಬೇಕಾದ ಒಂದು ವಸ್ತು ಇರಲಿಲ್ಲ. ಇಲ್ಲದಿದ್ದರೆ ಏನಂತೆ ಅಂದುಕೊಂಡೇ ಕೊಂಡೆ. ನನ್ನ ಜೀವನದ ಮುಕ್ಕಾಲು ಪಾಲು ತಪ್ಪುಗಳು ಈ ‘ಏನಂತೆ’ ಅನ್ನುವಲ್ಲಿಂದಲೇ ಶುರುವಾಗಿವೆ.

ಮಾರಿದವರು ಕಂಟೋನ್ಮೆಂಟಿನ ಒಬ್ಬ ಹಿರಿಯರು. ಹೋಟೆಲುಗಳಲ್ಲಿ ಡ್ರಮ್ಸ್ ಬಾರಿಸಿ ತಲೆ ಬೆಳ್ಳಗಾದವರು, ಆಗ ಸಂಸಾರ ಸಮೇತ ಆಸ್ಟ್ರೇಲಿಯಾಕ್ಕೆ ಹೊರಟಿದ್ದರು. ದೊಡ್ಡ ಡ್ರಮ್ಮು, ಸಣ್ಣ ಡ್ರಮ್ಮುಗಳು, ಕಾಲಲ್ಲಿ ಒತ್ತುವ ಪೆಡಲು, ಖಾಲಿ ಸ್ಟ್ಯಾಂಡುಗಳು ಎಲ್ಲವನ್ನೂ ನೆಲದ ಮೇಲೆ ಸಾಲಾಗಿ ಇಟ್ಟಿದ್ದರು. ಆ ಸ್ಟ್ಯಾಂಡುಗಳ ಮೇಲೆ ಕೂರಬೇಕಾದ ಸಿಂಬಲ್ಸು, ಅಂದರೆ ಹೊಡೆದರೆ ಝಂ ಅನ್ನುವ ಅಗಲವಾದ ತಟ್ಟೆಗಳು ಮಾತ್ರ, ಕಂಬಳಿ ಹೊದ್ದು ಮಂಚದ ಮೇಲೆ ಮಲಗಿದ್ದವು.

“ಅದು ಕೊಡಲ್ಲ ಮ್ಯಾನ್,” ಅಂದರು ಅವರು. “ವೈಫು, ಮಕ್ಕಳು, ಸಿಂಬಲ್ಸು. ಇಷ್ಟು ನನ್ನ ಜೊತೆ ಬರುತ್ತೆ. ಡ್ರಮ್ ಅಲ್ಲೂ ಸಿಗುತ್ತೆ.”

ನನಗೆ ನಗು ಬಂತು. ಎರಡು ತಟ್ಟೆಗೆ ಇಷ್ಟೊಂದು ಮಮಕಾರವೇ? ಬಳೇಪೇಟೆಗೆ ಹೋದರೆ ಬೇಕಾದಷ್ಟು ಸಿಗುತ್ತವೆ ಅಂದುಕೊಂಡು, ಉಳಿದದ್ದನ್ನೆಲ್ಲ ಒಂದು ಜಟಕಾ ಗಾಡಿಗೆ ಹೇರಿ, ದೊಡ್ಡ ಡ್ರಮ್ಮನ್ನು ತೊಡೆಯ ಮೇಲೆ ಕೂರಿಸಿಕೊಂಡು ರಾಜಾಜಿನಗರಕ್ಕೆ ಬಂದೆ. ನಮ್ಮ ವಠಾರದ ಮುಂದೆ ಗಾಡಿ ನಿಂತಾಗ ನಾಲ್ಕೂ ಮನೆಯವರು ಹೊರಗೆ ಬಂದರು. ಯಾರ ಮನೇಲಿ ಮದುವೆ ಅಂತ ಒಬ್ಬರು ಕೇಳಿದರು, ಯಾರು ಹೋಗಿಬಿಟ್ರು ಅಂತ ಇನ್ನೊಬ್ಬರು ಕೇಳಿದರು. ಅಮ್ಮ ಬಾಗಿಲಲ್ಲೇ ನಿಂತು, “ಇದನ್ನ ಇಟ್ರೆ ನಾವು ಮಲಗೋದೆಲ್ಲೋ?” ಅಂದಳು. ನ್ಯಾಯವಾದ ಪ್ರಶ್ನೆ. ನಮಗಿದ್ದದ್ದು ಎರಡು ಕೋಣೆ ಮತ್ತು ಒಂದು ಅಡುಗೆಮನೆ.

ಆ ಎರಡು ಕೋಣೆಯಲ್ಲಿ ನಾವು ನಾಲ್ಕು ಜನ. ಅಪ್ಪ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುತ್ತಿದ್ದರು, ಮನೆಯಲ್ಲಿದ್ದಾಗ ನಿದ್ದೆ ಮಾಡುತ್ತಿದ್ದರು. ನಾನು ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಟರ್ನರ್. ಅಮ್ಮ. ಮತ್ತೆ ಅಪ್ಪನ ಅಪ್ಪ, ನಮ್ಮ ತಾತ. ತಾತನದು ಕೆಂಗೇರಿ ಆಚೆಯ ಹಳ್ಳಿ. ಜಮೀನು ಲೇಔಟಿಗೆ ಹೋದ ಮೇಲೆ ಅಪ್ಪ ಅವನನ್ನು ಪೇಟೆಗೆ ಕರೆತಂದಿದ್ದರು. ಬರುವಾಗ ಅವನು ಒಂದು ಊರುಗೋಲು, ಒಂದು ಕಂಬಳಿ, ಒಂದು ಗಂಗಾಳ ತಂದಿದ್ದ. ಬೇರೆ ಏನನ್ನೂ ತರಲಿಲ್ಲ, ಕೇಳಲೂ ಇಲ್ಲ.

ಗಂಗಾಳ ಅಂದರೆ ಊಟದ ತಟ್ಟೆ, ಕಂಚಿನದು. ಒಂದಡಿಗಿಂತ ಹೆಚ್ಚು ಅಗಲ, ಸುತ್ತ ಬೆರಳೆತ್ತರದ ಅಂಚು, ಒಂದು ಕೈಯಲ್ಲಿ ಎತ್ತಿದರೆ ಮಣಿಕಟ್ಟು ನೋಯುವಷ್ಟು ತೂಕ. ಅಮ್ಮನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಆಗ ಊರಲ್ಲೆಲ್ಲ ಸ್ಟೀಲಿನ ಹುಚ್ಚು. ಅಮ್ಮ ಮನೆಯ ಹಿತ್ತಾಳೆ, ತಾಮ್ರ, ಕಂಚನ್ನೆಲ್ಲ ಒಂದೊಂದಾಗಿ ಅಂಗಡಿಗೆ ಹಾಕಿ ಸ್ಟೀಲು ತಂದಿದ್ದಳು. ಹುಣಸೆಹಣ್ಣು ಹಾಕಿ ತಿಕ್ಕುವ ಕಷ್ಟ ಹಾಗೆ ತಪ್ಪುತ್ತಿತ್ತು. ಉಳಿದದ್ದು ಆ ಗಂಗಾಳ ಒಂದೇ. ತಾತ ಮುದ್ದೆಯನ್ನು ಬೇರೆ ಯಾವುದರಲ್ಲೂ ಉಣ್ಣುತ್ತಿರಲಿಲ್ಲ. ಮಗಳ ಮನೆಗೆ ಹೋದರೂ ಟವಲಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೋಗುತ್ತಿದ್ದ.

ಊಟ ಮುಗಿದ ಮೇಲೆ ತಾತನದೊಂದು ಅಭ್ಯಾಸವಿತ್ತು. ತೋರುಬೆರಳನ್ನು ಗಂಗಾಳದ ನಡುವೆ ಇಟ್ಟು ನಿಧಾನವಾಗಿ ಆ ಕಡೆಯಿಂದ ಈ ಕಡೆಗೆ ಸವರುತ್ತಿದ್ದ. ಆಮೇಲೆ ಕೈ ತೊಳೆಯಲು ಏಳುತ್ತಿದ್ದ. ಸಾರಿನ ಕೊನೆಯ ತೊಟ್ಟನ್ನೂ ಬಿಡುವವನಲ್ಲ ಮುದುಕ ಅಂತ ನಾನೂ ಅಮ್ಮನೂ ಅಡುಗೆಮನೆಯಲ್ಲಿ ನಗುತ್ತಿದ್ದೆವು.

ಅವನ ಇನ್ನೊಂದು ವಿಚಿತ್ರವನ್ನೂ ಇಲ್ಲೇ ಹೇಳಿಬಿಡಬೇಕು. ಹೆಂಡತಿ ಗಂಡನ ಹೆಸರು ಹೇಳಬಾರದು ಅನ್ನುವುದು ಆಗಿನವರಿಗೆಲ್ಲ ಇದ್ದ ನೇಮ. ನಮ್ಮ ತಾತ ಅದನ್ನು ತನಗೂ ಹಚ್ಚಿಕೊಂಡಿದ್ದ. ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದ ಅಜ್ಜಿಯನ್ನು ಬದುಕಿದ್ದಾಗ ಅವನು ಕರೆಯುತ್ತಿದ್ದದ್ದು ‘ಇವಳೇ’ ಅಂತ. ಹೋದ ಮೇಲೆ ಅಪ್ಪನ ಹತ್ತಿರ ‘ನಿಮ್ಮವ್ವ’, ನನ್ನ ಹತ್ತಿರ ‘ನಿಮ್ಮಜ್ಜಿ’. ಜಮೀನಿನ ಕಾಗದಕ್ಕೆ ಅಂತ ಒಂದು ಆಫೀಸಿಗೆ ಹೋದಾಗ ಗುಮಾಸ್ತ, “ಹೆಂಡ್ತಿ ಹೆಸರೇನ್ರೀ?” ಅಂತ ಕೇಳಿದನಂತೆ. ತಾತ ಫ್ಯಾನು ನೋಡಿದ. ಗುಮಾಸ್ತ ಇನ್ನೊಂದು ಸಲ ಕೇಳಿದ. ತಾತ ಗೋಡೆ ನೋಡಿದ. “ಏನ್ ಯಜಮಾನ್ರೇ, ಮರ್ತೋಯ್ತಾ?” ಅಂದಾಗ ಅಪ್ಪನ ಪಕ್ಕೆಗೆ ಊರುಗೋಲಿನಿಂದ ತಿವಿದ. ಹೆಸರನ್ನು ಅಪ್ಪನೇ ಹೇಳಬೇಕಾಯಿತು. ಅಪ್ಪ ಈ ಕಥೆಯನ್ನು ನೆಂಟರು ಬಂದಾಗಲೆಲ್ಲ ಹೇಳುತ್ತಿದ್ದರು, ತಾತ ಆಗಲೂ ಗೋಡೆ ನೋಡುತ್ತಿದ್ದ.

ಈಗ ಆರ್ಕೆಸ್ಟ್ರಾ ವಿಷಯ. ಗಣೇಶನ ಹಬ್ಬ, ರಾಜ್ಯೋತ್ಸವ, ಮದುವೆ ಆರತಕ್ಷತೆ, ಎಲ್ಲಿ ಶಾಮಿಯಾನ ಹಾಕಿದರೂ ಅಲ್ಲಿ ಸಿನಿಮಾ ಹಾಡಿನ ಆರ್ಕೆಸ್ಟ್ರಾ ಇರಲೇಬೇಕಾದ ಕಾಲ ಅದು. ನಮ್ಮದು ಆರು ಜನದ ತಂಡ. ಅಕಾರ್ಡಿಯನ್ ನುಡಿಸುತ್ತಿದ್ದ ಬ್ಯಾಂಕ್ ಗುಮಾಸ್ತರೊಬ್ಬರು ಅದರ ಯಜಮಾನರು. ನಾವೆಲ್ಲ ಮಾಸ್ಟ್ರು ಅನ್ನುತ್ತಿದ್ದೆವು. ಬಸವೇಶ್ವರನಗರದಲ್ಲಿ ಅವರದು ಹೊಸ ಮನೆ. ಸುತ್ತ ಇನ್ನೂ ಖಾಲಿ ಸೈಟುಗಳು. ಎಷ್ಟು ಗದ್ದಲ ಮಾಡಿದರೂ ಕೇಳಲು ಎರಡು ಮನೆ ಮತ್ತು ಕೆಲವು ಎಮ್ಮೆ ಬಿಟ್ಟರೆ ಯಾರೂ ಇರಲಿಲ್ಲ. ಪ್ರಾಕ್ಟೀಸು ಅಲ್ಲೇ.

ಸಿಂಬಲ್ಸ್ ಇಲ್ಲದ ನನ್ನ ಡ್ರಮ್ ಸೆಟ್ಟನ್ನು ಮಾಸ್ಟ್ರು ಸುತ್ತಿ ಸುತ್ತಿ ನೋಡಿದರು. ಹೆಣ್ಣು ನೋಡಲು ಬಂದವರು ನೋಡುವ ಹಾಗಿತ್ತು. ಆಮೇಲೆ ಹೇಳಿದರು.

“ನೋಡಪ್ಪಾ, ಹಾಡಿನ ಕೊನೇಲಿ ಒಂದು ಝಂ ಬೇಕು. ಅದಿಲ್ದಿದ್ರೆ ಹಾಡು ಮುಗೀತು ಅಂತ ಜನಕ್ಕೆ ಹೆಂಗೆ ಗೊತ್ತಾಗ್ಬೇಕು? ಚಪ್ಪಾಳೆ ಯಾವಾಗ ತಟ್ಬೇಕು ಅವರು?”

“ತರ್ತೀನಿ ಸಾರ್.”

“ಗಣೇಶನ ಹಬ್ಬದೊಳಗೆ ತಾ. ವಿಜಯನಗರದಲ್ಲಿ ಒಬ್ಬ ಇದಾನೆ, ಅವನ ಮಾವ ದುಬೈಯಿಂದ ಫಾರಿನ್ ಸಿಂಬಲ್ಸ್ ತಂದುಕೊಟ್ಟಿದಾರಂತೆ. ದಿನಾ ಸೈಕಲ್ ತುಳ್ಕೊಂಡು ಬಂದು ಗೇಟಿನ ಹತ್ರ ನಿಂತ್ಕೋತಾನೆ. ನಾನು ಎಷ್ಟು ದಿನ ಅಂತ ಬೇಡ ಅನ್ಲಿ?”

ಡ್ರಮ್ಮಿನ ಹಿಂದಿನ ಆ ಸ್ಟೂಲು ನನಗೆ ಎಷ್ಟು ಮುಖ್ಯವಾಗಿತ್ತು ಅಂದರೆ, ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಲೇತ್ ಮೇಲೆ ದಿನಕ್ಕೆ ಇನ್ನೂರು ಬುಷ್, ಅಂದರೆ ಯಂತ್ರಕ್ಕೆ ಹಾಕುವ ಲೋಹದ ಬಳೆ, ಕಡೆಯುವವನನ್ನು ಯಾರೂ ತಿರುಗಿ ನೋಡುವುದಿಲ್ಲ. ಸ್ಟೇಜಿನ ಮೇಲೆ ಸ್ಟೂಲಿನಲ್ಲಿ ಕೂತವನನ್ನು ಇಡೀ ಬ್ಲಾಕು ನೋಡುತ್ತದೆ. ಅದು ಹೋದರೆ ನಾನು ಮತ್ತೆ ಬುಷ್ ಕಡೆಯುವವನು ಅಷ್ಟೇ.

ಬಳೇಪೇಟೆಯ ವಾದ್ಯದ ಅಂಗಡಿಗೆ ಹೋದೆ. ಅಂಗಡಿಯವರು ಹಿತ್ತಾಳೆಯ ಒಂದು ಹೊಳೆಯುವ ತಟ್ಟೆಯನ್ನು ಇಳಿಸಿ ಕೈಗೆ ಕೊಟ್ಟರು. ಒಂದು ಕಡ್ಡಿ ಕೊಡಿ, ಹೊಡೆದು ನೋಡ್ತೀನಿ ಅಂದೆ. ಅವರಿಗೆ ಗಾಬರಿಯಾಯಿತು. “ಕಡ್ಡೀಲಿ ಹೊಡೀಬೇಡಿ ಸಾರ್, ಸೀಳ್ಬಿಡುತ್ತೆ. ಉಗುರಲ್ಲಿ ತಟ್ಟಿ ನೋಡಿ,” ಅಂದರು. ಹೊಡೆದರೆ ಸೀಳುವ ಸಿಂಬಲ್ ಕೊಂಡು ಏನು ಮಾಡಲಿ ಅಂತ ಕೇಳುವ ಬುದ್ಧಿ ಆಗ ಬರಲಿಲ್ಲ. ಉಗುರಲ್ಲಿ ತಟ್ಟಿದೆ, ಟಿಣ್ ಅಂತು, ಕೊಂಡೆ.

ಮಾರನೇ ದಿನ ಪ್ರಾಕ್ಟೀಸಿನಲ್ಲಿ ಹಾಡಿನ ಕೊನೆಗೆ ಅದರ ಮೇಲೊಂದು ಬಲವಾದ ಏಟು ಹಾಕಿದೆ. ಡಬ್ಬದ ಮುಚ್ಚಳ ಸಿಮೆಂಟು ನೆಲಕ್ಕೆ ಬಿದ್ದ ಸದ್ದು ಬಂತು. ತಟ್ಟೆ ಗಾಳಿಗೆ ಸಿಕ್ಕ ಕೊಡೆಯಂತೆ ಹಿಂದುಮುಂದಾಗಿ ನಿಂತಿತು. ಅದನ್ನು ತಿರುಗಿಸಿ ಸರಿಮಾಡಿ ಇನ್ನೊಂದು ಏಟು ಹಾಕುವಷ್ಟರಲ್ಲಿ ಪಕ್ಕದ ಮನೆಯ ಆಂಟಿ ಕೈಯಲ್ಲಿ ಎರಡು ಹಳೇ ಸೀರೆ ಹಿಡಿದು ಕಾಂಪೌಂಡಿಗೆ ಬಂದರು.

“ಏನಮ್ಮಾ, ಈ ಎರಡು ಸೀರೆಗೆ ಒಂದು ಸ್ಟೀಲ್ ಡಬರಿ ಕೊಡ್ತೀಯಾ?”

ಅವರು ಕರೆದದ್ದು ನನ್ನನ್ನೇ. ಹಳೇ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸು ಬಂದಿದ್ದಾಳೆ ಅಂದುಕೊಂಡಿದ್ದರು. ಮಾಸ್ಟ್ರು ಅಕಾರ್ಡಿಯನ್ನಿಗೆ ಹಣೆ ಆನಿಸಿ ಸ್ವಲ್ಪ ಹೊತ್ತು ಕೂತರು. ಗೇಟಿನ ಹತ್ತಿರ ಸೈಕಲ್ ಹಿಡಿದು ನಿಂತಿದ್ದ ವಿಜಯನಗರದವನು ನಗಲಿಲ್ಲ. ನಕ್ಕಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ.

ನಮ್ಮ ವರ್ಕ್‌ಶಾಪಿನ ಮೇಸ್ತ್ರಿ ಲೋಹದ ವಿಷಯದಲ್ಲಿ ದೊಡ್ಡ ಮನುಷ್ಯ. ಚೂರು ನೋಡಿ ಯಾವ ಲೋಹ ಅಂತ ಹೇಳುತ್ತಿದ್ದ. ಆ ತಟ್ಟೆಯನ್ನು ಅವನ ಮುಂದಿಟ್ಟೆ. ಅವನು ಮುಟ್ಟಲೂ ಇಲ್ಲ.

“ಅರೆ, ಇದು ಹಿತ್ತಾಳೆ ತಗಡು. ಇದಕ್ಕೆ ಬಾಯಿ ಇಲ್ಲ ಕಣಪ್ಪಾ. ನಿನಗೆ ಕಂಚು ಬೇಕು. ಸುತ್ತಿಗೇಲಿ ಬಡಿದು ಮಾಡಿರೋ ಹಳೇ ಕಂಚು.”

“ಹೆಂಗೆ ಗೊತ್ತಾಗುತ್ತೆ ಮೇಸ್ತ್ರಿ?”

“ಬೆರಳ ತುದೀಲಿ ಎತ್ತಿ ಹಿಡಿ. ಬೆರಳ ಗೆಣ್ಣಲ್ಲಿ ತಟ್ಟು. ಒಂದು, ಎರಡು ಅಂತ ಎಣಿಸು. ಹತ್ತರ ತನಕ ಕೂಗಿದ್ರೆ ಕಂಚು. ಮೂರಕ್ಕೇ ಸುಮ್ಮನಾದ್ರೆ ಅಡುಗೆಮನೆಗೆ ಕಳಿಸು.”

ಅವತ್ತು ಸಂಜೆ ಮನೆಗೆ ಹೋದವನೇ ಅಡುಗೆಮನೆಗೆ ನುಗ್ಗಿದೆ. ಅಮ್ಮನ ಸ್ಟೀಲು ಪಾತ್ರೆಗಳನ್ನು ಒಂದೊಂದಾಗಿ ಇಳಿಸಿ ಎತ್ತಿ ಹಿಡಿದು ತಟ್ಟಿದೆ. ಎಲ್ಲವೂ ಎರಡಕ್ಕೇ ಸುಮ್ಮನಾದವು. ನೀರಿನ ಕೊಡ, ಇಡ್ಲಿ ಪಾತ್ರೆಯ ಮುಚ್ಚಳ, ದೇವರ ಮುಂದಿನ ತಟ್ಟೆ, ಯಾವುದೂ ನಾಲ್ಕು ದಾಟಲಿಲ್ಲ. ಅಮ್ಮ ಮೊದಲು ಬೈದಳು, ಆಮೇಲೆ ನನ್ನ ಹಣೆ ಮುಟ್ಟಿ ಜ್ವರ ನೋಡಿದಳು. ಕೊನೆಗೆ ಗೂಡಿನಲ್ಲಿದ್ದ ತಾತನ ಗಂಗಾಳ ಕಣ್ಣಿಗೆ ಬಿತ್ತು. ಐದು ಬೆರಳ ತುದಿಯ ಮೇಲೆ ಕೂರಿಸಿ ತಟ್ಟಿದೆ.

ಹತ್ತಕ್ಕೆ ಅದು ಕೂಗುತ್ತಲೇ ಇತ್ತು. ಹದಿನೈದಕ್ಕೂ ಕೂಗುತ್ತಿತ್ತು. ಆಮೇಲೆ ನಾನು ಎಣಿಸುವುದನ್ನು ಮರೆತೆ. ಹಿಡಿದ ಬೆರಳುಗಳಿಂದ ಮೊಳಕೈವರೆಗೆ ಸಣ್ಣಗೆ ನಡುಕ ಹತ್ತಿತು. ಕಂಟೋನ್ಮೆಂಟಿನವರು ಸಿಂಬಲ್ಸಿಗೆ ಕಂಬಳಿ ಹೊದೆಸಿದ್ದು ಯಾಕೆ ಅಂತ ಆಗ ಅರ್ಥವಾಯಿತು. ಹೊರಗಡೆ ಜಗಲಿಯ ಮೇಲಿದ್ದ ತಾತ, “ಯಾರ್ಲಾ ಅದು, ನನ್ ಗಂಗಾಳ ಮುಟ್ಟಿದ್ದು?” ಅಂದ. ಸದ್ದಿನಿಂದಲೇ ಅವನಿಗೆ ಗೊತ್ತಾಗಿತ್ತು.

ಮುಚ್ಚುಮರೆ ಯಾಕೆ ಅಂತ ನೇರವಾಗಿ ಕೇಳಿದೆ.

“ತಾತ, ಈ ಗಂಗಾಳ ನನಗೆ ಕೊಡ್ತೀಯಾ?”

“ಕೊಡ್ತೀನಿ. ನಾನ್ ಹೋದ್ಮೇಲೆ ತಗೋ.”

“ಗಣೇಶನ ಹಬ್ಬಕ್ಕೆ ಇನ್ನು ಒಂದೇ ತಿಂಗಳು ಇರೋದು, ತಾತ.”

ತಾತ ಸ್ವಲ್ಪ ಯೋಚನೆ ಮಾಡಿದ. “ಅಷ್ಟರೊಳಗೆ ಆಗಾಕಿಲ್ಲ ಕಣ್ಲಾ,” ಅಂದ. “ಇನ್ನೂ ಒಂದು ಮೂಟೆ ರಾಗಿ ಐತೆ.”

ಅಲ್ಲಿಗೆ ಮಾತು ಮುಗಿಯಬೇಕಾಗಿತ್ತು. ಆದರೆ ಹದಿನೈದು ದಿನ ಕಳೆದ ಮೇಲೆ ಕೆಂಗೇರಿಯಿಂದ ಅತ್ತೆಯ ಗಂಡ ಸ್ಕೂಟರಿನಲ್ಲಿ ಬಂದು, ಒಂದು ವಾರ ಇದ್ದು ಬರಲಿ ಅಂತ ತಾತನನ್ನು ಕರೆದುಕೊಂಡು ಹೋದರು. ಸ್ಕೂಟರಿನ ಹಿಂದೆ ಕೂತು ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈಯಲ್ಲಿ ಅಳಿಯನ ಸೊಂಟ ಹಿಡಿದ ತಾತನಿಗೆ ಗಂಗಾಳ ಹಿಡಿಯಲು ಮೂರನೇ ಕೈ ಇರಲಿಲ್ಲ. ಹೋಗುವಾಗ ಗೂಡಿನ ಕಡೆ ಎರಡು ಸಲ ತಿರುಗಿ ನೋಡಿದ. ನಾನೂ ನೋಡಿದೆ.

ಕದಿಯುವವರಿಗೆಲ್ಲ ಇರುವ ಸಮಾಧಾನ ನನಗೂ ಇತ್ತು. ನಾನು ಕದಿಯುತ್ತಿಲ್ಲ, ಒಂದು ಸಣ್ಣ ತೂತು ಅಷ್ಟೇ. ಸ್ಟ್ಯಾಂಡಿನ ಕಡ್ಡಿ ಹಾಯುವಷ್ಟು. ತಾತ ಬಂದ ಮೇಲೆ ತೂತಿಗೊಂದು ಬೋಲ್ಟು, ವಾಷರು ಹಾಕಿ ಬಿಗಿದರೆ ಊಟಕ್ಕೆ ಊಟ, ಹಾಡಿಗೆ ಹಾಡು. ಮುದುಕನ ಕಣ್ಣಲ್ಲಿ ಪೊರೆ ಬೇರೆ ಬಂದಿದೆ. ತೂತಾದರೆ ಏನಂತೆ?

ವರ್ಕ್‌ಶಾಪಿನಲ್ಲಿ ಊಟದ ವಿರಾಮದ ಹೊತ್ತಿಗೆ ಗಂಗಾಳವನ್ನು ಡ್ರಿಲ್ಲಿಂಗ್ ಮೆಷಿನ್ನಿನ ಮೇಲೆ ಬೋರಲು ಹಾಕದೆ ಅಂಗಾತ ಇಟ್ಟು, ಕೆಳಗೆ ಮರದ ತುಂಡು ಕೊಟ್ಟೆ. ತೂತು ಸರಿಯಾಗಿ ನಡುವೆ ಬರಬೇಕು, ಕೂದಲೆಳೆ ಆಚೀಚೆ ಆದರೂ ತಟ್ಟೆ ವಾಲುತ್ತದೆ. ಅಳತೆ ಹಿಡಿದು ನೋಡಿದರೆ ನಟ್ಟನಡುವೆ ಏನೋ ಚುಕ್ಕಿ ಚುಕ್ಕಿಯಾಗಿ ಗೀಚಿದ ಹಾಗಿತ್ತು. ತಿಕ್ಕಿ ತಿಕ್ಕಿ ಸವೆದಿತ್ತು. ಮಾಡಿದವನೇ ನಡು ಗುರುತು ಹಾಕಿಟ್ಟಿದ್ದಾನೆ ಅಂತ ಖುಷಿಯಾಗಿ, ಅಲ್ಲೇ ಮೊನಚಾದ ಪಂಚ್ ಇಟ್ಟು ಒಂದು ಏಟು ಹಾಕಿದೆ. ಮೇಸ್ತ್ರಿ ಬುತ್ತಿ ಡಬ್ಬಿ ಕೈಯಲ್ಲಿ ಹಿಡಿದೇ ಬಂದ.

“ಇದು ಯಾರದೋ ಊಟದ ತಟ್ಟೆ ಅಲ್ವೇನಪ್ಪಾ?”

“ನಮ್ಮ ತಾತಂದು.”

“ಕೇಳಿದೀಯಾ?”

“ಕೇಳ್ದೆ ಮೇಸ್ತ್ರಿ,” ಅಂದೆ. ಕೇಳಿದ್ದು ಸುಳ್ಳಲ್ಲವಲ್ಲ. ಮೆಷಿನ್ ಚಾಲೂ ಮಾಡಿ ತೂತು ಕೊರೆದೆ.

ಅಂದಿನ ಪ್ರಾಕ್ಟೀಸನ್ನು ನಾನು ಮರೆಯುವಂತಿಲ್ಲ. ಗಂಗಾಳವನ್ನು ಸ್ಟ್ಯಾಂಡಿಗೆ ಬೋರಲು ಹಾಕಿ, ಹಾಡಿನ ಕೊನೆಗೆ ಒಂದೇ ಏಟು ಹೊಡೆದೆ. ಝಂ ಅಂತ ಎದ್ದ ಸದ್ದು ಕಿಟಕಿ ದಾಟಿ, ಖಾಲಿ ಸೈಟುಗಳನ್ನು ದಾಟಿ ಹೋಯಿತು. ಎಮ್ಮೆಗಳು ತಲೆ ಎತ್ತಿ ಈ ಕಡೆ ನೋಡಿದವು. ಪಕ್ಕದ ಮನೆಯ ಆಂಟಿ ಸೀರೆ ತರಲಿಲ್ಲ. ಮಾಸ್ಟ್ರು ಕಣ್ಣು ಮುಚ್ಚಿ ಕೇಳಿ, ಸದ್ದು ಪೂರ್ತಿ ಅಡಗಿದ ಮೇಲೆ ಕಣ್ಣು ತೆರೆದರು.

“ಯಾವ ದೇಶದ್ದಪ್ಪಾ ಇದು?”

“ಕೆಂಗೇರಿ ಆಚೇದು ಸಾರ್.”

ಅವರು ನಕ್ಕು ನನ್ನ ಬೆನ್ನು ತಟ್ಟಿದರು. ಹಬ್ಬದ ಕಾರ್ಯಕ್ರಮಕ್ಕೆ ನೀನೇ ಅಂದರು. ವಿಜಯನಗರದವನು ಸೈಕಲ್ ತಿರುಗಿಸಿಕೊಂಡು ಹೊರಟ. ನಾನು ಅವತ್ತು ಮನೆಗೆ ನಡೆದು ಬಂದೆನೋ ಹಾರಿ ಬಂದೆನೋ ನೆನಪಿಲ್ಲ. ಗಂಗಾಳವನ್ನು ತೊಳೆದು ಗೂಡಿನಲ್ಲಿಟ್ಟು ಮಲಗಿದೆ. ಬೋಲ್ಟು, ವಾಷರು ನಾಳೆ ನೋಡೋಣ, ತಾತ ಬರಲು ಇನ್ನೂ ಮೂರು ದಿನ ಇದೆ.

ತಾತ ಮಾರನೇ ದಿನವೇ ಬಂದ. ಭಾನುವಾರ. ಅತ್ತೆ ಸ್ಟೀಲು ತಟ್ಟೆಯಲ್ಲಿ ಮುದ್ದೆ ಇಟ್ಟಳಂತೆ, ನಾಲ್ಕು ದಿನ ಸಹಿಸಿದನಂತೆ, ಐದನೇ ದಿನ ಬೆಳಗ್ಗೆ ಬಸ್ಸು ಹತ್ತಿಯೇಬಿಟ್ಟನಂತೆ. ನಾನು ಕ್ಷೌರ ಮಾಡಿಸಿಕೊಂಡು ಮನೆಗೆ ಬರುವ ಹೊತ್ತಿಗೆ ಅವನು ಮಣೆಯ ಮೇಲೆ ಕೂತಾಗಿತ್ತು, ಮುಂದೆ ಗಂಗಾಳ ಇತ್ತು, ಅಮ್ಮ ಅದರ ನಡುವೆ ಹಬೆಯಾಡುವ ಮುದ್ದೆ ಇಟ್ಟು ಸುತ್ತ ಸೊಪ್ಪಿನ ಸಾರು ಹುಯ್ಯುತ್ತಿದ್ದಳು.

ಸಾರು ಸೋರಲಿಲ್ಲ. ಮುದ್ದೆ ಸರಿಯಾಗಿ ತೂತಿನ ಮೇಲೆ ಕೂತಿತ್ತು. ಗಟ್ಟಿ ಮುದ್ದೆ, ನಮ್ಮಮ್ಮನ ಕೈದು, ಯಾವ ವಾಷರೂ ಅಷ್ಟು ಚೆನ್ನಾಗಿ ಮುಚ್ಚುತ್ತಿರಲಿಲ್ಲ. ನಾನು ಬಾಗಿಲಿಗೆ ಒರಗಿ ನಿಂತೆ. ತಾತ ಮುದ್ದೆ ಮುರಿದ, ಸಾರಿನಲ್ಲಿ ಅದ್ದಿದ, ನುಂಗಿದ. ಇನ್ನೊಂದು ತುತ್ತು ಮುರಿದ. ಮುದ್ದೆ ಅರ್ಧವಾಯಿತು. ಅವನು ಆಚೆಯಿಂದ ಮುರಿಯುತ್ತಾ ಬಂದರೆ ತೂತು ಇನ್ನೂ ಸ್ವಲ್ಪ ಹೊತ್ತು ಮುಚ್ಚಿರುತ್ತದೆ, ಈಚೆಯಿಂದ ಮುರಿದರೆ ನನ್ನ ಕಥೆ ಮುಗಿಯಿತು. ಅವನು ಈಚೆಯಿಂದಲೇ ಮುರಿದ.

“ಸಾರ್ ಹಾಕವ್ವ.”

ಅಮ್ಮ ಹಾಕಿದಳು. ತಾತ ತುತ್ತು ಅದ್ದಲು ಹೋದರೆ ಸಾರಿಲ್ಲ.

“ಕೈ ಯಾಕವ್ವಾ ಹಿಡೀತೀಯ? ಸಾರ್ ಹಾಕು.”

“ಈಗ ಎರಡು ಸೌಟು ಹಾಕಿದೀನಲ್ಲ ಮಾವ!”

ಅಮ್ಮ ಮೂರನೇ ಸೌಟು ಹಾಕಿದಳು. ಅಷ್ಟರಲ್ಲಿ ಮೊದಲ ಎರಡು ಸೌಟು ಗಂಗಾಳದ ಅಡಿಯಿಂದ ಹೊರಟು, ತಾತನ ಪಂಚೆಯನ್ನು ಮುಟ್ಟಿ, ಅಲ್ಲಿಂದ ಕವಲೊಡೆದು ಹೊಸ್ತಿಲ ಕಡೆ ಹರಿಯುತ್ತಿತ್ತು. ಒಳಗೆ ಮಲಗಿದ್ದ ಅಪ್ಪ ನೀರು ಕುಡಿಯಲು ಎದ್ದು ಬಂದವರು ಅದರಲ್ಲಿ ಕಾಲಿಟ್ಟು, “ಏನೇ ಇದು, ಸಾರು?” ಅಂದರು. ಅಮ್ಮ ಬಗ್ಗಿ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನನಗೆ ಹೆದರಿಕೆಯ ನಡುವೆಯೂ ನಗು ಉಕ್ಕಿ ಬರುತ್ತಿತ್ತು. ತುಟಿ ಕಚ್ಚಿಕೊಂಡು ನಿಂತಿದ್ದೆ.

ತಾತ ಯಾವುದಕ್ಕೂ ತಲೆ ಕೆಡಿಸಿಕೊಳ್ಳದೆ ಮುದ್ದೆ ಮುಗಿಸಿದ. ಕೊನೆಗೆ ಎಂದಿನಂತೆ ತೋರುಬೆರಳನ್ನು ಗಂಗಾಳದ ನಡುವೆ ಇಟ್ಟು ಸವರಿದ. ಬೆರಳು ಅರ್ಧಕ್ಕೆ ನಿಂತಿತು. ಹಿಂದೆ ಹೋಯಿತು, ಮತ್ತೆ ಬಂತು, ಮತ್ತೆ ತೂತಿನ ಅಂಚಿಗೆ ಬಂದು ನಿಂತಿತು. ತೂತು ಯಾಕಿದೆ ಅಂತ ಅವನು ಕೇಳಲಿಲ್ಲ.

“ಎಲ್ಲೋಯ್ತು?” ಅಂದ.

ಆಮೇಲೆ ಅವನೇ ಹೇಳಿದ. “ಇಲ್ಲಿ ನಿಮ್ಮಜ್ಜಿ ಹೆಸರಿತ್ತು.”

ಅಪ್ಪ ಆಮೇಲೆ ಬಿಡಿಸಿ ಹೇಳಿದರು. ಮದುವೆಯಲ್ಲಿ ಹೆಣ್ಣಿನ ಕಡೆಯವರು ಪಾತ್ರೆ ಕೊಟ್ಟರೆ ಅದರ ಮೇಲೆ ಹೆಣ್ಣಿನ ಹೆಸರು ಕೊರೆಸುವುದು ವಾಡಿಕೆ. ಎಲ್ಲರೂ ಅಂಚಿನಲ್ಲಿ ಕೊರೆಸಿದರೆ, ಅಜ್ಜಿಯ ಅಪ್ಪ ನಟ್ಟನಡುವೆ ಕೊರೆಸಿದ್ದರಂತೆ. ಚುಕ್ಕಿ ಚುಕ್ಕಿಯಾಗಿ ಉಳಿಯಲ್ಲಿ ಬಡಿದ ಅಕ್ಷರ. ತಾತನಿಗೆ ಓದಲು ಬರುತ್ತಿರಲಿಲ್ಲ, ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದ. ಅವನಿಗೆ ಗೊತ್ತಿದ್ದ ಅಕ್ಷರ ಅವಷ್ಟೇ, ಅದೂ ಬೆರಳಿಗೆ ಮಾತ್ರ. ಬಾಯಿಂದ ಒಂದು ಸಲವೂ ಹೇಳದ ಹೆಸರನ್ನು ದಿನಕ್ಕೆರಡು ಹೊತ್ತು ಬೆರಳಿನಿಂದ ಓದಿ ಎದ್ದು ಹೋಗುತ್ತಿದ್ದ. ನಾವು ಸಾರು ಬಳಿಯುತ್ತಾನೆ ಅಂತ ನಗುತ್ತಿದ್ದೆವು.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ತಾತ ಬೈಯಲಿಲ್ಲ. ಮರುದಿನದಿಂದ ಸ್ಟೀಲು ತಟ್ಟೆಯಲ್ಲಿ ಉಂಡ. ಊಟ ಮುಗಿದ ಮೇಲೆ ಬೆರಳು ತಾನಾಗಿಯೇ ತಟ್ಟೆಯ ನಡುವೆ ಹೋಗಿ, ನುಣ್ಣಗಿರುವುದನ್ನು ಕಂಡು ವಾಪಸು ಬರುತ್ತಿತ್ತು. ನೋಡಲಾಗದೆ ನಾನು ಅವನ ಊಟದ ಹೊತ್ತಿಗೆ ಹೊರಗೆ ಹೋಗಿಬಿಡುತ್ತಿದ್ದೆ. ಅಮ್ಮ ಕೂಡ ಅಡುಗೆಮನೆಯಲ್ಲಿ ನಗುವುದನ್ನು ಬಿಟ್ಟಳು. ಮೂವತ್ತು ವರ್ಷದಿಂದ ಸೊಸೆಯಾಗಿದ್ದವಳು, ಸ್ಟೀಲೇ ದೇವರು ಅಂತಿದ್ದವಳು, ಒಂದು ಮಧ್ಯಾಹ್ನ ಗಂಗಾಳದ ಗೂಡು ಒರೆಸುತ್ತಾ ಕಣ್ಣೂ ಒರೆಸಿಕೊಂಡಳು.

ಗಂಗಾಳ ಹಿಡಿದು ಪಾತ್ರೆ ಮಾಡುವವರ ಹತ್ತಿರ ಹೋದೆ. ಅವರು ತೂತಿನಲ್ಲಿ ಬೆಳಕು ನೋಡಿ, “ಮುಚ್ಚಬೋದು. ಆದ್ರೆ ಅಲ್ಲಿ ಹೋಗಿರೋ ಅಕ್ಷರ ಬರಲ್ಲ,” ಅಂದರು. ಮತ್ತೆ ಕೊರೆಯಲು ಆಗಲ್ವಾ ಅಂದೆ. ಬೇರೆಯವರು ಕೊರೆದರೆ ಬೇರೆ ಅಕ್ಷರವೇ ತಾನೇ ಅಂದರು. ಮುಚ್ಚಿಸದೆ ವಾಪಸು ತಂದು ಗೂಡಿನಲ್ಲಿಟ್ಟೆ. ಇನ್ನು ಅದನ್ನು ಹೊಡೆಯುವುದಿಲ್ಲ ಅಂತ ತೀರ್ಮಾನ ಮಾಡಿದೆ. ಬಳೇಪೇಟೆಯ ತಗಡನ್ನು ಮೇಸ್ತ್ರಿ ಸುತ್ತಿಗೆಯಿಂದ ಬಡಿದು ಸ್ವಲ್ಪ ಗಟ್ಟಿ ಮಾಡಿಕೊಟ್ಟ. ಸ್ಟೂಲು ಹೋಗುತ್ತದೆ ಅಂತ ಗೊತ್ತಿತ್ತು. ಹೋದರೆ ಹೋಗಲಿ ಅಂತ ಧೈರ್ಯವಾಗಿ ಅಂದುಕೊಂಡೆ.

ಕಾರ್ಯಕ್ರಮ ನಮ್ಮ ಬ್ಲಾಕಿನ ಮೈದಾನದಲ್ಲೇ. ಸಂಜೆ ಬೆಳಕಿರುವಾಗಲೇ ಕುರ್ಚಿಗಳು ತುಂಬಿದ್ದವು. ಸ್ಟೇಜಿನ ಮೇಲೆ ಮಾಸ್ಟ್ರು ನನ್ನ ಸ್ಟ್ಯಾಂಡಿನ ಮೇಲಿದ್ದ ತಗಡು ನೋಡಿ, “ಕೆಂಗೇರಿದು ಎಲ್ಲಿ?” ಅಂದರು. ಅದಿಲ್ಲ ಸಾರ್ ಅಂದೆ. ಅವರ ಮುಖ ಇಳಿಯಿತು. ವಿಜಯನಗರದವನು ಕೆಳಗೆ ಎರಡನೇ ಸಾಲಿನಲ್ಲಿ ಕೂತಿದ್ದ, ತೊಡೆಯ ಮೇಲೆ ದುಂಡಗಿನ ಒಂದು ಚರ್ಮದ ಚೀಲವಿತ್ತು. ಅವನನ್ನು ಕರೆಯಬೇಕೋ ಬೇಡವೋ ಅಂತ ಮಾಸ್ಟ್ರು ನೋಡುತ್ತಿರುವಾಗಲೇ, ಕುರ್ಚಿಗಳ ನಡುವಿನಿಂದ ಊರುಗೋಲು ಊರಿಕೊಂಡು ತಾತ ಬಂದ. ಹಿಂದೆ ಅಮ್ಮ. ತಾತನ ಕಂಕುಳಲ್ಲಿ ಟವಲಿನಲ್ಲಿ ಸುತ್ತಿದ ಗಂಗಾಳ.

ಸ್ಟೇಜಿನ ಅಂಚಿಗೆ ಬಂದು ಅದನ್ನು ನನ್ನ ಕಡೆ ಎತ್ತಿ ಹಿಡಿದ.

“ಇದ ಬುಟ್ಟು ಬಂದಿದ್ದೀಯ.”

“ಬೇಡ ತಾತ. ನಾನು ಹೊಡೆಯಲ್ಲ.”

“ಯಾಕೆ?”

“ಅಜ್ಜಿ ಹೆಸರಿತ್ತಲ್ಲ.”

ತಾತ ಸುತ್ತ ನೋಡಿದ. ಇಡೀ ಮೈದಾನ ನಮ್ಮನ್ನೇ ನೋಡುತ್ತಿತ್ತು. “ಹೊಡಿ ಕಣ್ಲಾ,” ಅಂದ. “ಬದುಕಿರೋಗಂಟ ಒಂದಿನಾನಾರ ಜೋರಾಗಿ ಮಾತಾಡ್ದೋಳಲ್ಲ ಅವಳು. ಇವತ್ತಾರ ಕೂಗ್ಲಿ.”

ಅಷ್ಟು ಹೇಳಿ ಮೊದಲ ಸಾಲಿನಲ್ಲಿ ಕೂತಿದ್ದ ಯಾರೋ ದೊಡ್ಡ ಮನುಷ್ಯರನ್ನು ಎಬ್ಬಿಸಿ ಅವರ ಕುರ್ಚಿಯಲ್ಲಿ ಕೂತ.

ತಗಡು ತೆಗೆದು ಗಂಗಾಳವನ್ನು ಸ್ಟ್ಯಾಂಡಿಗೆ ಹಾಕಿದೆ. ಮೊದಲ ಹಾಡು ಮುಗಿಯಿತು. ಹೊಡೆದೆ. ಝಂ ಅಂತ ಎದ್ದ ಸದ್ದು ಮೈದಾನದ ಮೇಲೆಲ್ಲ ಹರಡಿತು, ಜನ ಚಪ್ಪಾಳೆ ತಟ್ಟಿದರು. ಆಗ ನಾನು ತಾತನನ್ನು ನೋಡಿದೆ. ಅವನ ತುಟಿ ಅಲ್ಲಾಡಿತು. ಎಲೆ ಅಡಿಕೆ ಜಗಿಯುತ್ತಿದ್ದಾನೆ ಅಂದುಕೊಂಡೆ. ಎರಡನೇ ಹಾಡಿನ ಕೊನೆಗೂ ಹಾಗೇ. ಹಾಡು ನಡೆಯುವಾಗ ಅವನ ಬಾಯಿ ಬಿಗಿದಿರುತ್ತಿತ್ತು. ಝಂ ಅಂದ ಕೂಡಲೇ ತುಟಿ ಅಲ್ಲಾಡುತ್ತಿತ್ತು, ಸದ್ದು ಅಡಗುವ ಮೊದಲೇ ಮುಚ್ಚುತ್ತಿತ್ತು. ಪಕ್ಕದಲ್ಲೇ ಕೂತಿದ್ದ ಅಮ್ಮನಿಗೆ ಏನೂ ಕೇಳಿಸಲಿಲ್ಲ. ಆ ಗದ್ದಲದಲ್ಲಿ ಯಾರಿಗೆ ತಾನೇ ಕೇಳಿಸೀತು? ಮೂರನೇ ಹಾಡಿನ ಹೊತ್ತಿಗೆ ನನಗೆ ಅರ್ಥವಾಯಿತು. ಯಾರಿಗೂ ಕೇಳಿಸದ ಜಾಗ ಅವನಿಗೆ ಕೊನೆಗೂ ಸಿಕ್ಕಿತ್ತು. ಅಲ್ಲಿ ಅವನು ಹೆಸರು ಹೇಳುತ್ತಿದ್ದ.

ಆಮೇಲೆ ನಾನು ಹಾಡಿನ ಕಡೆ ಗಮನ ಕೊಡಲಿಲ್ಲ. ತಾತ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಾಗಲೆಲ್ಲ ಹೊಡೆದೆ. ಪಲ್ಲವಿಯ ನಡುವೆ ಹೊಡೆದೆ, ಚರಣದ ಶುರುವಿನಲ್ಲಿ ಹೊಡೆದೆ, ಗಾಯಕಿ ಉಸಿರು ತೆಗೆದುಕೊಳ್ಳುವಲ್ಲಿ ಹೊಡೆದೆ. ಹಾಡು ಮುಗಿಯಿತೆಂದುಕೊಂಡು ಜನ ಕಂಡ ಕಂಡಲ್ಲಿ ಚಪ್ಪಾಳೆ ತಟ್ಟಿದರು. ಮಾಸ್ಟ್ರು ಅಕಾರ್ಡಿಯನ್ ಮೇಲಿನಿಂದ ಕಣ್ಣು ಕೆಂಪು ಮಾಡಿ ನೋಡಿದರು, ಹಲ್ಲು ಕಡಿದು ಏನೋ ಅಂದರು. ಆ ಸ್ಟೂಲು ಅದೇ ಸಂಜೆ ವಿಜಯನಗರದವನ ಪಾಲಾಯಿತು, ಮತ್ತೆ ನನಗೆ ಸಿಗಲಿಲ್ಲ. ಆರು ತಿಂಗಳು ಅದಕ್ಕಾಗಿ ಕೊರಗಿದೆ, ಸುಳ್ಳು ಯಾಕೆ ಹೇಳಲಿ.

ಆದರೆ ಆಗ ಅದು ಯಾವುದೂ ತಲೆಯಲ್ಲಿರಲಿಲ್ಲ. ಕೊನೆಯ ಹಾಡು ಮುಗಿಯಿತು. ಮಾಸ್ಟ್ರು ಕೈ ಎತ್ತಿ ವಾದ್ಯಗಳನ್ನೆಲ್ಲ ನಿಲ್ಲಿಸಿದರು. ಜನ ಎದ್ದು ಚಪ್ಪಲಿ ಹುಡುಕತೊಡಗಿದರು. ತಾತ ಮಾತ್ರ ಏಳಲಿಲ್ಲ. ಊರುಗೋಲಿನ ಮೇಲೆ ಎರಡೂ ಕೈ ಇಟ್ಟುಕೊಂಡು ನನ್ನನ್ನೇ ನೋಡುತ್ತಾ ಕೂತಿದ್ದ. ನಾನು ಕಡ್ಡಿ ಎತ್ತಿ ಇನ್ನೊಂದು ಸಲ ಹೊಡೆದೆ.